ಕೆಂಪು ಚುಕ್ಕಿ ಇಟ್ಟವನು

ಹುಮನಾಬಾದ್
೧೨ ಆಗಸ್ಟ್ ೧೯೯೬

ಶಂಕರಲಿಂಗ ಗಡಿಯಾರದವರಿಗೆ,
ಹಳೆ ಬಜಾರ, ಬಸವಕಲ್ಯಾಣ

ನಮಸ್ಕಾರ. ನಾನು ಆಮ್ರಪಾಲಿ. ಇಲ್ಲಿನ ಪ್ರೌಢಶಾಲೆಯೊಂದರಲ್ಲಿ ಆಟೋಟದ ಶಿಕ್ಷಕಿ. ಹಳೆಯ ಗಡಿಯಾರ ಕಂಡರೆ ಅದು ಎಲ್ಲಿಂದ ಬಂತು, ಯಾತಕ್ಕಾಗಿ ಮಾಡಿದ್ದು ಎಂದು ಹೇಳಬಲ್ಲವರು ಈ ಸೀಮೆಯಲ್ಲಿ ನೀವೊಬ್ಬರೇ ಎಂದು ನಮ್ಮ ಹೆಡ್‌ಮಾಸ್ತರರು ಹೇಳಿದರು. ಸಿಟ್ಟು ಜಾಸ್ತಿ ಎಂದೂ ಹೇಳಿದರು. ಅದಕ್ಕೇ ಬರುವ ಬದಲು ಬರೆಯುತ್ತಿದ್ದೇನೆ.

ಕಲ್ಯಾಣದ ಬಸ್ಸಿನ ಡ್ರೈವರ್ ಮೊಹಿನುದ್ದೀನ್ ಅವರ ಕೈಯಲ್ಲಿ ಒಂದು ಸ್ಟಾಪ್‌ವಾಚ್ ಕಳಿಸಿದ್ದೇನೆ. ನಮ್ಮ ತಂದೆ ಹಿಂದೆ ಯಾವಾಗಲೋ ಹೈದರಾಬಾದಿನ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡದ್ದು. ಮುಂದಿನ ತಿಂಗಳು ತಾಲ್ಲೂಕು ಕ್ರೀಡಾಕೂಟವಿದೆ, ಓಟದ ಸ್ಪರ್ಧೆಗೆ ಬಳಸಬೇಕೆಂದಿದ್ದೇನೆ. ಗುಂಡಿ ಒತ್ತಿದರೆ ಮುಳ್ಳು ಓಡುತ್ತದೆ, ಆದರೆ ಡಯಲ್ ಕೆಟ್ಟಿದೆ. ಅಂಕಿಗಳು ಹಿಂದುಮುಂದಾಗಿವೆ. ಒಂದು ಕಡೆ ಯಾರೋ ಕೆಂಪು ಬಣ್ಣ ಬೀಳಿಸಿದ್ದಾರೆ. ಅದನ್ನು ಅಳಿಸಿ, ಡಯಲ್ ಸರಿ ಮಾಡಿ ಕಳಿಸಬೇಕು. ಇದು ಎಲ್ಲಿಯದು, ಮೊದಲು ಯಾರ ಬಳಿ ಇದ್ದಿರಬಹುದು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಇಂತಿ,
ಆಮ್ರಪಾಲಿ


ಬಸವಕಲ್ಯಾಣ
೨೦ ಆಗಸ್ಟ್ ೧೯೯೬

ಅಕ್ಕೋರಿಗೆ ಶರಣು.

ಗಡಿಯಾರ ಮುಟ್ಟಿತು. ಭಜಿ ಕಟ್ಟಿ ಕೊಟ್ಟ ಹಾಗೆ ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿದ್ದೀರಿ. ಗಡಿಯಾರವನ್ನು ಹತ್ತಿಯಲ್ಲಿ ಸುತ್ತಬೇಕು. ಮಕ್ಕಳಿಗೆ ಓಡುವುದು ಕಲಿಸುತ್ತೀರಿ, ನಿಮಗೆ ಇಷ್ಟು ಯಾರೂ ಕಲಿಸಲಿಲ್ಲವೇ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು, ಅದೂ ನಿಜಾಮನ ಕಾಲದ ಉರ್ದು ಶಾಲೆ. ಕನ್ನಡ ಬರೆಯುವುದು ಆಮೇಲೆ ಅಂಗಡಿಗಳ ಬೋರ್ಡು ನೋಡಿ ಕಲಿತದ್ದು. ತಪ್ಪು ಕಂಡರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಬೇಡಿ.

ಡಯಲ್ ಕೆಟ್ಟಿಲ್ಲ. ಅಂಕಿ ಹಿಂದುಮುಂದಾಗಿಲ್ಲ. ಸ್ವಿಸ್ ಮಾಲು, ಆರರ ಜಾಗದ ಕೆಳಗೆ ಸಣ್ಣಗೆ ಬರೆದಿದೆ, ಓದಿದ್ದರೆ ಕಾಣುತ್ತಿತ್ತು. ಗಾಜಿನ ಹಾಗೆ ಹೊಳೆಯುವ ಬಿಳಿ ಮೀನಾ ಡಯಲ್. ಹಾಗೆ ಮಾಡುವವರು ಅಂಕಿಯನ್ನು ಕಣ್ಣು ಮುಚ್ಚಿ ಹಾಕುವುದಿಲ್ಲ. ಮುಳ್ಳು ಹೊರಟ ಕಡೆ ಇನ್ನೂರು, ಕಾಲು ಸುತ್ತಿಗೆ ನೂರಾ ಇಪ್ಪತ್ತು, ಅರ್ಧ ಸುತ್ತಿಗೆ ಅರವತ್ತು, ಪೂರ್ತಿ ಸುತ್ತಿಗೆ ಮೂವತ್ತು. ಇದು ಓಟದ ಗಡಿಯಾರವಲ್ಲ. ಓಟದ್ದಾದರೆ ಅಂಕಿ ಏರುತ್ತಾ ಹೋಗುತ್ತವೆ. ಕಾರ್ಖಾನೆಯಲ್ಲಿ ಆಳುಗಳ ಕೆಲಸ ಅಳೆಯುವ ಗಡಿಯಾರ ಬೇರೆ, ಅದರಲ್ಲಿ ನಿಮಿಷಕ್ಕೆ ನೂರು ಭಾಗ. ರೈಲಿನ ಗಾರ್ಡನದು ಬೇರೆ. ಇದು ಮಿಲಿಟರಿಯದು. ತೋಪಿನ ಬೆಂಕಿ ಕಂಡಾಗ ಒತ್ತಿ, ಸದ್ದು ಕೇಳಿದಾಗ ನಿಲ್ಲಿಸಿದರೆ ತೋಪು ಎಷ್ಟು ದೂರ ಎಂದು ತೋರಿಸುತ್ತದೆ. ನಿಜಾಮನ ಮೇಲೆ ಪೋಲೀಸ್ ಆಕ್ಷನ್ ಆದ ಹೊತ್ತಿನಲ್ಲಿ ಇಂಥವು ಎರಡು ಮೂರು ನನಗೆ ಕೆಲಸ ಕಲಿಸಿದ ಉಸ್ತಾದ್ ಅಬ್ದುಲ್ ರಜಾಕ್ ಸಾಹೇಬರ ಹತ್ತಿರ ಬಂದಿದ್ದವು.

ಇನ್ನು ಆ ಕೆಂಪು ಚುಕ್ಕಿ. ಬಣ್ಣ ಬಿದ್ದದ್ದಲ್ಲ, ಬೇಕೆಂದೇ ಇಟ್ಟದ್ದು. ನೂರಾ ಇಪ್ಪತ್ತರ ತಲೆಯ ಮೇಲೆ ಸರಿಯಾಗಿ ಇಟ್ಟಿದ್ದಾನೆ. ಗಾಜು ತೆಗೆದು, ಮುಳ್ಳು ತೆಗೆದು, ಇಂಥಾ ಡಯಲಿನ ಮೇಲೆ ಸೈಕಲ್ಲಿನ ಬಣ್ಣ ಹಚ್ಚಿದ ಮೂರ್ಖ ಯಾರೆಂದು ಗೊತ್ತಾದರೆ ಹೇಳಿ, ಅವನ ಕೈಗೆ ಎರಡು ಹಾಕಿ ಬರುತ್ತೇನೆ. ಅಂಥವನು ಎತ್ತಿನ ಕೊಂಬಿಗೆ ಬಣ್ಣ ಬಳಿಯುವ ಕೆಲಸ ಮಾಡಬೇಕಿತ್ತು.

ಮತ್ತೊಂದು. ಹಿಂದಿನ ಮುಚ್ಚಳವನ್ನು ಯಾರೋ ಚಾಕುವಿನಿಂದ ಎಬ್ಬಿಸಿದ್ದಾರೆ, ಗೀರು ಹೊಸದು. ನೀವೇ ತಾನೇ.

ಚುಕ್ಕಿ ಅಳಿಸಿ ಓಡಿಸಲು ಎರಡು ವಾರ ಬೇಕು. ಹೈದರಾಬಾದ್ ಸಂತೆಯಲ್ಲಿ ಕೊಂಡದ್ದು ಎಂಬುದನ್ನು ನಾನು ನಂಬಿಲ್ಲ. ಸಂತೆಯ ಗಡಿಯಾರಕ್ಕೆ ಹತ್ತು ಕೈ ತಾಗಿ ಮುಚ್ಚಳದ ಅಂಚು ಸವೆದಿರುತ್ತದೆ. ಇದು ಒಂದೇ ಕೈಯಲ್ಲಿ ಇದ್ದದ್ದು.

ಶಂಕರಲಿಂಗ


ಹುಮನಾಬಾದ್
೨೬ ಆಗಸ್ಟ್ ೧೯೯೬

ಶಂಕರಲಿಂಗ ಕಾಕಾ ಅವರಿಗೆ ನಮಸ್ಕಾರ.

ಚಾಕು ಹಾಕಿದವಳು ನಾನೇ. ತಪ್ಪಾಯಿತು.

ದಯವಿಟ್ಟು ಚುಕ್ಕಿ ಅಳಿಸಬೇಡಿ. ಈಗ ಏನನ್ನೂ ಸರಿ ಮಾಡುವುದು ಬೇಡ. ಕ್ರೀಡಾಕೂಟಕ್ಕೆ ಬೇರೆ ಗಡಿಯಾರ ಸಿಕ್ಕಿದೆ. ನನಗೆ ಬೇಕಾದದ್ದು ಇಷ್ಟೇ: ಇದು ಯಾರದು?

ಮಿಲಿಟರಿಯದು ಎಂದಿದ್ದೀರಿ. ದವಾಖಾನೆಯದು ಆಗಿರಲು ಸಾಧ್ಯವಿಲ್ಲವೇ? ಮುಚ್ಚಳದ ಒಳಗೆ ಸೂಜಿಯಿಂದ ಗೀಚಿದ ಗುರುತು ನೋಡಿದೆ. ಅದರಲ್ಲಿ ಇಂಗ್ಲಿಷಿನ ‘ವಿ’ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಅದರ ಅಕ್ಕಪಕ್ಕ ಏನೋ ಸೊಟ್ಟ ಗೆರೆಗಳಿವೆ. ಅದು ಮಾಲೀಕನ ಹೆಸರಿನ ಮೊದಲ ಅಕ್ಷರವೇ? ‘ವಿ’ ಎಂದು ಇದ್ದರೆ ಅದು ಖಂಡಿತ ಆ ಹೆಸರಿನವರದೇ ಎಂದು ಹೇಳಬಹುದೇ?

ಸಂತೆಯ ವಿಷಯ ಇನ್ನು ಕೇಳಬೇಡಿ. ಗಡಿಯಾರವನ್ನು ಬೇರೆ ಯಾರಿಗೂ ತೋರಿಸಬೇಡಿ. ನಿಮ್ಮಲ್ಲಿ ಫೋನ್ ಇದ್ದರೆ ನಂಬರ್ ಬರೆಯಿರಿ, ಶಾಲೆಯ ಎದುರಿನ ಬೂತಿನಿಂದ ಮಾಡುತ್ತೇನೆ.

ಆಮ್ರಪಾಲಿ


ಬಸವಕಲ್ಯಾಣ, ಕಾರ್ಡು
೩ ಸೆಪ್ಟೆಂಬರ್ ೧೯೯೬

ಅಕ್ಕೋರೇ,

ಫೋನ್ ಇಲ್ಲ. ಆ ಎಸ್‌ಟಿಡಿ ಡಬ್ಬಿಯೊಳಗೆ ನಿಂತರೆ ನನಗೆ ಉಸಿರು ಕಟ್ಟುತ್ತದೆ. ಈಚೆಗೆ ಅಂಗಡಿಯ ನಾಲ್ಕು ಮೆಟ್ಟಿಲಿಗೂ ಕಟ್ಟುತ್ತದೆ. ಪುರಸಭೆಯವರು ರಸ್ತೆ ತೋಡಿ ಮೆಟ್ಟಿಲು ಎತ್ತರ ಮಾಡಿಟ್ಟಿದ್ದಾರೆ.

ದವಾಖಾನೆ ಎಂದಿರಿ. ನೀವು ಹೇಳಿದ್ದೇ ಸರಿ, ನಾನು ಹೇಳಿದ್ದು ತಪ್ಪು. ಇದು ನಾಡಿ ಗಡಿಯಾರ. ಒತ್ತಿ, ರೋಗಿಯ ನಾಡಿ ಮೂವತ್ತು ಬಡಿತ ಎಣಿಸಿ, ನಿಲ್ಲಿಸಿದರೆ ನಿಮಿಷಕ್ಕೆ ಎಷ್ಟು ಬಡಿತ ಎಂದು ಮುಳ್ಳೇ ಹೇಳುತ್ತದೆ. ಜೋರಾಗಿ ಬಡಿದರೆ ಮೂವತ್ತು ಬೇಗ ಮುಗಿದು ದೊಡ್ಡ ಅಂಕಿ, ಮೆಲ್ಲಗೆ ಬಡಿದರೆ ಸಣ್ಣ ಅಂಕಿ. ಅದಕ್ಕೇ ಅಂಕಿ ಇಳಿಯುತ್ತವೆ. ನನ್ನ ಕೈ ಹಿಡಿದೇ ನೋಡಿದೆ, ನೂರಾ ನಲವತ್ತು ತೋರಿಸಿತು. ಗಡಿಯಾರ ಕೆಟ್ಟಿದೆ ಎಂದು ಅರ್ಧ ದಿನ ರೇಡಿಯೋ ಟೈಮಿಗೆ ಹಚ್ಚಿ ನೋಡಿದರೆ ಸರಿಯಾಗಿದೆ. ನಾನೇ ಎಣಿಸುವುದರಲ್ಲಿ ತಪ್ಪಿರಬೇಕು. ದಿನ ಹಾಳು.

ಅದು ‘ವಿ’ ಅಲ್ಲ. ಉರ್ದು ಏಳು. ಪಕ್ಕದ್ದು ಎರಡು. ೭೨. ಮುಂದಿನದು ಉರ್ದು ‘ಕ’. ರಿಪೇರಿ ಮಾಡಿದವನು ಇಟ್ಟ ಗುರುತು. ೭೨ ರಿಪೇರಿಯ ವರ್ಷ, ‘ಕ’ ಮಾಲೀಕನ ಅಕ್ಷರ. ತಂದುಕೊಟ್ಟವನ ಅಕ್ಷರ ಹಾಕುವುದಿಲ್ಲ, ಯಾರದೋ ಅವರ ಅಕ್ಷರ ಹಾಕುತ್ತಾರೆ. ‘ಕ’ ಅಂದರೆ ಯಾರು, ಅದನ್ನು ನೀವು ಹೇಳಿ. ಕಾರ್ಡಿನಲ್ಲಿ ಜಾಗ ಮುಗಿಯಿತು.

ಶಂ


ಹುಮನಾಬಾದ್
೧೦ ಸೆಪ್ಟೆಂಬರ್ ೧೯೯೬

ಕಾಕಾ,

‘ಕ’ ಅಂದರೆ ಕಾಂತಾಬಾಯಿ. ನನ್ನ ತಾಯಿ.

ನಿಮಗೆ ಇಷ್ಟು ದಿನ ಸುಳ್ಳು ಬರೆದೆ. ನನ್ನ ತಂದೆ ಉತ್ತಮ ಇಲ್ಲಿನ ಧಾನ್ಯದ ಅಡತಿಯಲ್ಲಿ ಹಮಾಲರಾಗಿದ್ದರು, ಹೈದರಾಬಾದನ್ನು ಕಣ್ಣಿಂದ ಕಂಡವರಲ್ಲ. ಅವ್ವ ಮದುವೆಗೆ ಮುಂಚೆ ಇಲ್ಲಿನ ಧರ್ಮಾರ್ಥ ದವಾಖಾನೆಯಲ್ಲಿ ಆಯಾ ಆಗಿದ್ದಳು. ಅಲ್ಲಿ ಡಾಕ್ಟರ್ ವಾಮನರಾವ್ ಎಂಬವರಿದ್ದರು. ೧೯೬೩ರಲ್ಲಿ ಅವರು ಕೆಲಸ ಬಿಟ್ಟು ಪುಣೆಯ ಕಡೆ ಹೋದರು. ಹದಿನೈದು ದಿನದ ಮೇಲೆ ಹೊಸ ಮ್ಯಾನೇಜರ್ ಸಾಮಾನು ಲೆಕ್ಕ ಹಾಕಿದಾಗ ಡಾಕ್ಟರರ ಸ್ಟಾಪ್‌ವಾಚ್ ಇರಲಿಲ್ಲ. ಅದು ಅವ್ವನ ಹತ್ತಿರ ಇತ್ತು. ಡಾಕ್ಟರರೇ ಕೊಟ್ಟದ್ದು ಎಂದಳು. ನಮ್ಮ ಕೇರಿಯ ಹೆಂಗಸಿಗೆ ಡಾಕ್ಟರು ಸ್ವಿಸ್ ಗಡಿಯಾರ ಕೊಟ್ಟರು ಎಂಬುದನ್ನು ಯಾರು ನಂಬಬೇಕು. ಕಳ್ಳಿ ಎಂದು ಹೊರಗೆ ಹಾಕಿದರು.

ನನಗೆ ಇದೆಲ್ಲ ಗೊತ್ತಿದ್ದದ್ದು ಓಣಿಯ ಬಾಯಿಂದ. ಗಡಿಯಾರ ಮನೆಯಲ್ಲೇ ಇದೆ ಎಂದು ಗೊತ್ತಾದದ್ದು ಈ ಜುಲೈಯಲ್ಲಿ, ಜೋಳದ ಡಬ್ಬಿ ಬದಲಿಸುವಾಗ. ಅವ್ವನಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಅದೇ ದವಾಖಾನೆಯಲ್ಲಿ ಪುಕ್ಕಟೆ ಆಪರೇಷನ್ ಮಾಡುತ್ತಾರೆ, ಮನೆಯಿಂದ ಐದು ನಿಮಿಷ. “ಆ ಗೇಟಿನಾಗ ಕಾಲ್ ಇಡಂಗಿಲ್ಲ” ಎನ್ನುತ್ತಾಳೆ. ಕಣ್ಣು ಹೋಗುತ್ತದೆ ಅಂದರೆ “ಹೋಗಲಿ” ಎನ್ನುತ್ತಾಳೆ.

ಅವಳ ಮಾತೇ ನಿಜ ಎಂದು ತೋರಿಸುವ ಏನಾದರೂ ಗಡಿಯಾರದೊಳಗೆ ಇದ್ದೀತೆಂದು ನಿಮಗೆ ಕಳಿಸಿದೆ. ನನಗೇ ಗಟ್ಟಿ ಇರಲಿಲ್ಲ. ಈಗ ನೀವು ೭೨ ಎಂದು ಬರೆದಿದ್ದೀರಿ. ೧೯೭೨ರಲ್ಲಿ ನಾನು ಆರು ವರ್ಷದವಳು. ಕೆಲಸ ಹೋದ ಒಂಬತ್ತು ವರ್ಷದ ಮೇಲೆ, ಡಾಕ್ಟರರು ಊರಲ್ಲಿ ಇಲ್ಲದಾಗ, ಅವ್ವ ಇದನ್ನು ಗುಟ್ಟಾಗಿ ಯಾರ ಬಳಿಯೋ ರಿಪೇರಿ ಮಾಡಿಸಿ ತನ್ನ ಅಕ್ಷರ ಹಾಕಿಸಿದ್ದಾಳೆ. ಸ್ವಂತದ್ದಾದರೆ ಗುಟ್ಟು ಯಾಕೆ, ಹೊಸದಾಗಿ ಅಕ್ಷರ ಯಾಕೆ.

ನಿನ್ನೆ ಕೇಳಿಬಿಟ್ಟೆ. “೭೨ರಾಗ ಎಲ್ಲಿ ಮಾಡಿಸಿದ್ದಿ” ಅಂದೆ. ಅವ್ವ ತಿರುಗಿ, ಗಡಿಯಾರ ಯಾರ ಹತ್ತಿರ ಕಳಿಸಿದ್ದೀ ಎಂದು ಕೇಳಿದಳು. ಕಲ್ಯಾಣದ ಶಂಕರಲಿಂಗ ಎಂದೆ. ಆಗಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಗಡಿಯಾರವನ್ನು ಮೊಹಿನುದ್ದೀನ್ ಅವರ ಕೈಗೆ ಕೊಡಿ. ನಾನೇ ದವಾಖಾನೆಗೆ ಒಪ್ಪಿಸಿ ಬರುತ್ತೇನೆ.

ಜೈಭೀಮ.
ಆಮ್ರಪಾಲಿ


ಹುಮನಾಬಾದ್, ಕಾರ್ಡು
೨೮ ಸೆಪ್ಟೆಂಬರ್ ೧೯೯೬

ಶಂಕರಲಿಂಗ ಅವರಿಗೆ,

ಹದಿನೆಂಟು ದಿನವಾಯಿತು. ಮೊಹಿನುದ್ದೀನ್ ಎರಡು ಸಲ ಬಂದರೂ ಗಡಿಯಾರ ಕೊಡದೆ “ಹೋಗೋ ನಿನ್ನ ಬಸ್ ನೋಡ್ಕೋ” ಎಂದು ಅಟ್ಟಿದಿರಂತೆ. ಪೋಲೀಸರಿಗೆ ಕೊಡುವ ವಿಚಾರವಿದ್ದರೆ ಮೊದಲು ನನಗೆ ತಿಳಿಸಿ. ನನ್ನ ತಾಯಿಗೆ ಐವತ್ತೆಂಟು ವರ್ಷ. ಸ್ಟೇಷನ್ನಿಗೆ ನಾನು ಬರುತ್ತೇನೆ, ಅವಳನ್ನು ಕರೆಸಬೇಡಿ.

ಆಮ್ರಪಾಲಿ


ಬಸವಕಲ್ಯಾಣ
೨ ಅಕ್ಟೋಬರ್ ೧೯೯೬

ಆಮ್ರಪಾಲಿ,

ಪೋಲೀಸರ ಹತ್ತಿರ ಹೋಗಲು ನನಗೆ ಬೇರೆ ಕೆಲಸವಿಲ್ಲವೇ. ತಲೆ ಇದೆಯೇ ನಿನಗೆ. ಇಷ್ಟು ದಿನ ‘ಅಕ್ಕೋರೇ’ ಎಂದು ಬರೆದೆ, ಇನ್ನು ಬರೆಯುವುದಿಲ್ಲ. ನನ್ನ ಮಗಳ ವಯಸ್ಸು ನಿನಗೆ. ಕೂತು ಸಾವಕಾಶ ಓದು. ಎರಡು ಇನ್‌ಲ್ಯಾಂಡು ಒಂದಕ್ಕೊಂದು ಪಿನ್ನು ಹಾಕಿ ಕಳಿಸುತ್ತಿದ್ದೇನೆ, ಹಿಂದುಮುಂದು ಮಾಡಿಕೊಳ್ಳಬೇಡ.

೭೨ ಅಂದರೆ ೧೯೭೨ ಎಂದು ನಿನಗೆ ಯಾರು ಹೇಳಿದರು. ನಾನು ಹೇಳಿದೆನೇ. ಓದಿದವಳು ನೀನು, ಒಂದು ಕಾರ್ಡು ಹಾಕಿ ಕೇಳಬೇಕಿತ್ತು. ಕೇಳದೆ ಹೋಗಿ ತಾಯಿಯ ಎದುರು ನಿಂತೆ. ನಿಮ್ಮ ಶಾಲೆಯಲ್ಲಿ ಇದನ್ನೇ ಕಲಿಸುತ್ತೀರಾ.

ತಪ್ಪು ನನ್ನದೂ ಇದೆ. ಕಾರ್ಡಿನಲ್ಲಿ ಜಾಗವಿಲ್ಲವೆಂದು ಪೂರ್ತಿ ಬರೆಯಲಿಲ್ಲ. ಅದು ಫಸಲಿ. ನಿಜಾಮನ ಕಾಲದಲ್ಲಿ ನಮ್ಮ ಕಚೇರಿ, ಶಾಲೆ, ಹೊಲದ ಕಾಗದ ಎಲ್ಲ ಫಸಲಿ ವರ್ಷದಲ್ಲೇ ನಡೆಯುತ್ತಿದ್ದವು. ನಮ್ಮ ಉಸ್ತಾದರು ಗಡಿಯಾರದ ಒಳಗೆ ಫಸಲಿಯನ್ನೇ ಗೀಚುತ್ತಿದ್ದರು, ಮೊದಲಿನ ಎರಡು ಅಂಕಿ ಬಿಟ್ಟು. ನಿಜಾಮ ಹೋದ, ನಮ್ಮ ಕೈ ತಿರುಗಲಿಲ್ಲ. ೭೨ ಅಂದರೆ ೧೩೭೨ ಫಸಲಿ. ಐನೂರ ತೊಂಬತ್ತು ಕೂಡಿಸು. ೧೯೬೨ ಮುಗಿದು ೬೩ ನಡೆಯುವ ವರ್ಷ. ಡಾಕ್ಟರು ಇದ್ದಾಗಲೇ ಇದಕ್ಕೆ ‘ಕ’ ಬಿದ್ದಿದೆ. ಆಗ ಅದು ಡಾಕ್ಟರರದೇ ಆಗಿದ್ದರೆ ವಾಮನರಾವ್ ಎಂದು ಉರ್ದು ‘ವಾವ್’ ಬೀಳುತ್ತಿತ್ತು, ‘ಕ’ ಅಲ್ಲ.

ಇದನ್ನು ಬರೆಯಲು ಇಪ್ಪತ್ತೆರಡು ದಿನ ಯಾಕೆ ಹಿಡಿಯಿತು ಎಂದು ಈಗ ಕೇಳುತ್ತೀ. ಹೇಳುತ್ತೇನೆ.

ನಿನ್ನ ಕಾಗದ ಬಂದ ಮೇಲೆ ಮುಚ್ಚಳವನ್ನು ಪೆಟ್ರೋಲಿನಲ್ಲಿ ತೊಳೆದು, ಕಣ್ಣಿಗೆ ಗಾಜು ಹಾಕಿ ನೋಡಿದೆ. ‘ಕ’ದ ಮೇಲಿನ ಗೀಟನ್ನು ಉದ್ದ ಎಳೆದು ತುದಿಯನ್ನು ಕೊಂಡಿಯ ಹಾಗೆ ಬಗ್ಗಿಸಿದ್ದು ಕಂಡಿತು. ಹಾಗೆ ಬಗ್ಗಿಸುವವನು ಈ ಸೀಮೆಯಲ್ಲಿ ಒಬ್ಬನೇ. ಅದಕ್ಕಾಗಿ ಉಸ್ತಾದರ ಕೈಯಲ್ಲಿ ಬೆರಳಿಗೆ ಪೆಟ್ಟು ತಿಂದವನು. ಅದು ನನ್ನ ಗುರುತು. ಕೆಂಪು ಚುಕ್ಕಿ ಇಟ್ಟ ಮೂರ್ಖನೂ ನಾನೇ. ಎತ್ತಿನ ಕೊಂಬಿನ ಮಾತನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.

ಆಮೇಲೆ ಒಂದೊಂದೇ ನೆನಪಾಯಿತು. ಡಾಕ್ಟರು ಜೀಪಿನಲ್ಲಿ ಬಂದಿದ್ದರು. ಬೆಳ್ಳಗಿನ ಮನುಷ್ಯ, ಕನ್ನಡವನ್ನು ಮರಾಠಿಯ ಹಾಗೆ ಮಾತಾಡುತ್ತಿದ್ದರು. “ಇದು ಇನ್ನ ನಂದಲ್ಲ, ನಮ್ಮ ಕಾಂತಾಂದು. ಆಕಿಗಿ ಮೂವತ್ತು ಎಣಸಾಕ ಬರ್ತದ, ಅಂಕಿ ಓದಾಕ ಬರಂಗಿಲ್ಲ. ಇಲ್ಲಿ ಒಂದ್ ಕೆಂಪು ಚುಕ್ಕಿ ಇಡ್ರಿ. ಮುಳ್ಳು ಚುಕ್ಕಿ ಮುಟ್ಟೂದ್ರಾಗ ಮೂವತ್ತು ಮುಗದ್ರ ಪೇಶಂಟಿಗೆ ಅಪಾಯ ಅಂತ ಆಕಿಗಿ ತಿಳಿಬೇಕು” ಎಂದರು. ಮೀನಾ ಡಯಲಿನ ಮೇಲೆ ಬಣ್ಣ ಹಚ್ಚುವುದಿಲ್ಲ ಎಂದು ನಾನು ಅರ್ಧ ತಾಸು ಜಗಳ ಮಾಡಿದೆ. ಡಾಕ್ಟರು ನಕ್ಕರು. “ಡಯಲ್ ಕೆಟ್ರ ಇನ್ನೊಂದು ಸಿಗ್ತದ, ಶಂಕರಲಿಂಗಪ್ಪ” ಎಂದರು. ಎದುರಿನ ಸೈಕಲ್ ಅಂಗಡಿಯಿಂದ ಬಣ್ಣ ತಂದು ಇಟ್ಟೆ.

ಇನ್ನು ಉಳಿದದ್ದನ್ನು ಬರೆಯುವುದು ಕಷ್ಟ. ಮೂರು ಸಲ ಬರೆದು ಹರಿದೆ.

ಅದೇ ವರ್ಷ ಬೇಸಗೆಯಲ್ಲಿ ದವಾಖಾನೆಯ ಗುಮಾಸ್ತ ಒಬ್ಬ ಅಂಗಡಿಗೆ ಬಂದ. ನಾನು ಒಂದು ಹೆಣ್ಣುಮಗಳ ಕೈಗಡಿಯಾರದ ಬಾಲ್‌ಕಮಾನು ಎಂಬ ಸುರುಳಿ ತಂತಿ ಕೂಡಿಸುತ್ತಿದ್ದೆ. ಅದು ಕೂದಲಿಗಿಂತ ಸಣ್ಣದು, ಉಸಿರು ಬಿಟ್ಟರೆ ಹಾರುತ್ತದೆ. ಅವನು ಬಾಗಿಲಲ್ಲಿ ನಿಂತು “ಡಾಕ್ಟರ್ ಇಲ್ಲಿ ಗಡಿಯಾರ ತಂದಿದ್ರೇನ್ರಿ, ಯಾರದಂತ ಹೇಳಿದ್ರು” ಎಂದು ಕೇಳಿದ. ಕಮಾನು ಹಾರಿತು. ನನಗೆ ತಲೆಗೆ ಏರಿತು. “ನಾ ಏನ್ ನಿಮ್ಮ ದವಾಖಾನಿ ಚೌಕೀದಾರೇನೋ? ಯಾರದೋ ಯಾರಿಗ್ಗೊತ್ತು, ನಡಿ ಹೊರಗ” ಎಂದು ಬೈದೆ. ಅವನು ಹೋದ. ಯಾಕೆ ಕೇಳಿದ ಎಂದು ನಾನು ಕೇಳಲಿಲ್ಲ. ಆ ದಿನ ಸಂಜೆಯ ತನಕ ನೆಲದ ಮೇಲೆ ಕಮಾನು ಹುಡುಕಿದೆ. ಅದು ಸಿಕ್ಕಿತು.

ನಿನ್ನ ತಾಯಿ ಕಲ್ಯಾಣದ ಶಂಕರಲಿಂಗ ಎಂಬ ಹೆಸರು ಕೇಳಿ ಮಾತು ಬಿಟ್ಟದ್ದು ಯಾಕೆ ಎಂದು ಈಗ ತಿಳಿಯಿತೇ. ಅವರು ಸಾಕ್ಷಿಗೆ ನನ್ನ ಹೆಸರು ಹೇಳಿರಬೇಕು. ಗುಮಾಸ್ತ ಹೋಗಿ, ಅವನಿಗೆ ಏನೂ ಗೊತ್ತಿಲ್ಲವಂತೆ ಎಂದು ಹೇಳಿರಬೇಕು.

ಗಡಿಯಾರ ನನ್ನ ಹತ್ತಿರ ಇದೆ. ಕೊಡುತ್ತೇನೆ, ನಿನ್ನ ಕೈಗಲ್ಲ. ದವಾಖಾನೆಗೆ ಒಪ್ಪಿಸುವ ಮಾತು ಮತ್ತೊಮ್ಮೆ ಬರೆದರೆ ನಾನೇ ಬಂದು ನಿನ್ನ ಹೆಡ್‌ಮಾಸ್ತರನಿಗೆ ಹೇಳುತ್ತೇನೆ. ಈ ಕಾಗದವನ್ನು ಕಾಂತಾಬಾಯಿಯವರಿಗೆ ಓದಿ ಹೇಳು. ಒಂದು ಸಾಲು ಬಿಡಬೇಡ. ಅವರು ಏನು ಬೈಯುತ್ತಾರೋ ಅದನ್ನೂ ಹಾಗೇ ಬರೆದು ಕಳಿಸು.

ಶಂಕರಲಿಂಗ


ಹುಮನಾಬಾದ್
೯ ಅಕ್ಟೋಬರ್ ೧೯೯೬

ಕಾಕಾ, ಜೈಭೀಮ.

ಓದಿದೆ. ಎರಡು ಸಲ. ಮೊದಲ ಸಲ ಓದುವಾಗ ನಾನೇ ಅತ್ತುಬಿಟ್ಟೆ, ಅವ್ವ “ನೀ ಯಾಕ ಅಳಾಕತ್ತಿ, ಮುಂದ ಓದು” ಎಂದಳು. ನಾನು ಕ್ಷಮೆ ಕೇಳಿದೆ. “ಆತು, ಜ್ವಾಳ ಹಸನ ಮಾಡು” ಎಂದಳು. ಅಷ್ಟೇ.

ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತಿದ್ದೇನೆ:

“ಶಂಕರಲಿಂಗಪ್ಪಗ ಬರಿ. ನಾ ಗುಮಾಸ್ತಗ ಅಂದಿದ್ದೆ, ಕಲ್ಯಾಣದಾಗ ಚುಕ್ಕಿ ಇಟ್ಟಾಂವ ಇದ್ದಾನ, ಹೋಗಿ ಕೇಳ್ರಿ, ಅಂವ ಸುಳ್ಳ ಹೇಳಂಗಿಲ್ಲ ಅಂತ. ಅಂವ ಸುಳ್ಳ ಹೇಳಲಿಲ್ಲ, ಖರೇನೂ ಹೇಳಲಿಲ್ಲ. ದವಾಖಾನಿಯವ್ರು ಗಡಿಯಾರ ಕೊಟ್ಟು ಹೋಗು ಅಂದ್ರು. ಡಾಕ್ಟರ್ ನನಗ ಕೊಟ್ಟದ್ದು ನಾ ಯಾಕ ಕೊಡ್ಲಿ, ಸೀರಿ ಸೆರಗಿನಾಗ ಕಟ್ಟಿಕೊಂಡು ಬಂದೆ. ಬಂದ ದಿನಾ ಅವನ ಅಂಗಡಿಗಿ ಹೋಗಬೇಕಂತ ಬಸ್ ಸ್ಟ್ಯಾಂಡ್ ತನಕ ಹೋಗಿದ್ದೆ. ಆ ಮನಶ್ಯಾ ಬೈತಾನ ಅಂತ ಎಲ್ಲಾರೂ ಅಂದ್ರು. ತಿರುಗಿ ಬಂದೆ. ಅದು ನನ್ನ ತಪ್ಪು. ಬೈಸಿಕೊಂಡ್ರ ಏನಾಗತಿತ್ತು.

“ಕಾಗದದಾಗ ಬರದದ್ದು ನನಗ ಬ್ಯಾಡ. ನಾ ಆ ಗೇಟಿನಾಗ ಹೋಗಬೇಕಂದ್ರ ಅಂವ ಬರಬೇಕು. ತಾನs ಬಂದು ಎಲ್ಲಾರ ಮುಂದ ಹೇಳಬೇಕು. ಗುಮಾಸ್ತನ ಮ್ಯಾಲ ಎಷ್ಟ್ ಜೋರ್ ಮಾಡಿದ್ನೋ ಅಷ್ಟs ಜೋರ್ ಮಾಡಿ ಹೇಳಬೇಕು. ಗಡಿಯಾರ ಚಾವಿ ಕೊಟ್ಟು ತರಬೇಕು, ಓಡೂವಂಗ ಇರಬೇಕು.”

ಇಷ್ಟೇ. ಇನ್ನೊಂದು ಮಾತು. ನಿಮ್ಮ ಹಿಂದಿನ ಕಾಗದಗಳನ್ನೂ ಓದಿ ಹೇಳಿದೆ. ಸೆಪ್ಟೆಂಬರಿನ ಕಾರ್ಡು ಓದುವಾಗ ಅವ್ವ ತಡೆದು, ನೀವು ನಿಮ್ಮ ಕೈ ಹಿಡಿದು ಗಡಿಯಾರ ನೋಡಿಕೊಂಡ ಸಾಲನ್ನು ಮತ್ತೊಮ್ಮೆ ಓದಿಸಿದಳು. ಮೆಟ್ಟಿಲಿನ ಸಾಲನ್ನೂ ಓದಿಸಿದಳು. ಯಾಕೋ ಗೊತ್ತಿಲ್ಲ.

ಆಮ್ರಪಾಲಿ


ಬಸವಕಲ್ಯಾಣ, ಕಾರ್ಡು
೧೪ ಅಕ್ಟೋಬರ್ ೧೯೯೬

ಆಮ್ರಪಾಲಿ,

೨೩ನೇ ತಾರೀಖು ಬುಧವಾರ ಹತ್ತು ಗಂಟೆಗೆ ಗೇಟಿನ ಹತ್ತಿರ ಇರುತ್ತೇನೆ. ಹತ್ತು ಅಂದರೆ ಹತ್ತು. ಜೋರಾಗಿ ಹೇಳುವುದು ನನಗೆ ಬರುತ್ತದೆ, ಅದರ ಚಿಂತೆ ನಿಮಗೆ ಬೇಡ. ಚಾವಿ ಕೊಟ್ಟು ತರುತ್ತೇನೆ.

ಶಂ


ಹುಮನಾಬಾದ್
೨೬ ಅಕ್ಟೋಬರ್ ೧೯೯೬

ಕಾಕಾ,

ಬುಧವಾರ ಮಕ್ಕಳನ್ನು ಕರೆದುಕೊಂಡು ಬೀದರಿನ ಜಿಲ್ಲಾ ಕ್ರೀಡಾಕೂಟಕ್ಕೆ ಹೋಗಲೇಬೇಕಾಯಿತು. ಅವ್ವನ ಜೊತೆ ಪಕ್ಕದ ಮನೆಯ ಅಕ್ಬರಿ ಚಾಚಿಯನ್ನು ಕಳಿಸಿದ್ದೆ. ಶುಕ್ರವಾರ ಬಂದು ನೋಡಿದರೆ ಅವ್ವನ ಬಲಗಣ್ಣಿಗೆ ಪಟ್ಟಿ. “ಏನಾತವ್ವಾ” ಅಂದರೆ “ಎಲ್ಲಾ ಆತು” ಎನ್ನುತ್ತಾಳೆ. ನೀವು ಎಲ್ಲಿ ಅಂದರೆ “ಗಂಡಸರ ವಾರ್ಡಿನಾಗ” ಎನ್ನುತ್ತಾಳೆ. ಅಕ್ಬರಿ ಚಾಚಿ ನಗುತ್ತಾರೆಯೇ ಹೊರತು ಹೇಳುವುದಿಲ್ಲ. ನಾನು ದವಾಖಾನೆಗೆ ಓಡಿದೆ, ಆ ಹೊತ್ತಿಗೆ ನಿಮ್ಮನ್ನು ಕಲ್ಯಾಣಕ್ಕೆ ಕಳಿಸಿದ್ದರು. ಏನು ನಡೆಯಿತು? ನಿಮಗೆ ಏನಾಗಿದೆ?

ಆಮ್ರಪಾಲಿ


ಬಸವಕಲ್ಯಾಣ
೬ ನವೆಂಬರ್ ೧೯೯೬

ಆಮ್ರಪಾಲಿ,

ನನಗೆ ಏನೂ ಆಗಿಲ್ಲ. ಡಾಕ್ಟರು ಏನೇನೋ ಹೇಳುತ್ತಾರೆ. ಹದಿನೈದು ದಿನ ಅಂಗಡಿ ತೆರೆಯಬಾರದಂತೆ, ಸಿಟ್ಟು ಮಾಡಬಾರದಂತೆ. ಎರಡನೆಯದಕ್ಕೆ ಮಾತ್ರೆ ಬರೆದುಕೊಡಿ ಎಂದೆ, ಅಂಥದ್ದು ಇಲ್ಲವಂತೆ.

ನಡೆದದ್ದು ಹೇಳುತ್ತೇನೆ. ಹತ್ತಕ್ಕೆ ಐದು ನಿಮಿಷ ಇರುವಾಗಲೇ ನಾನು ಗೇಟಿಗೆ ಹೋದೆ. ಬಸ್ಸಿಳಿದು ಆ ಏರು ಹತ್ತುವುದರೊಳಗೆ ಎರಡು ಕಡೆ ಕೂತೆ. ನಿನ್ನ ತಾಯಿ ಮೊದಲೇ ಬಂದು ಬೇವಿನ ಗಿಡದ ಕೆಳಗೆ ನಿಂತಿದ್ದರು. “ಶಂಕರಲಿಂಗಪ್ಪನೇನ್ರಿ” ಎಂದರು. ಹೌದು ಎಂದೆ. “ಮಂದಿ ಹೇಳಿದಷ್ಟು ದೊಡ್ಡಾಂವ ಏನಿಲ್ಲ” ಎಂದು ಅಕ್ಬರಿಗೆ ಹೇಳಿದರು. ಕಣ್ಣಿಗೆ ಪೊರೆ ಬಂದವರ ಮಾತು ಎಂದು ಬಿಟ್ಟೆ.

ಮ್ಯಾನೇಜರನ ಕೋಣೆಗೆ ಹೋದೆವು. ಅವನು ನಿನಗಿಂತ ಚಿಕ್ಕವನು. ೬೩ರಲ್ಲಿ ಹುಟ್ಟಿರಲಿಲ್ಲ. ನಾನು ಬಾಗಿಲಲ್ಲೇ ನಿಂತು, ಔಷಧಿಯ ಸಾಲಿನಲ್ಲಿದ್ದವರಿಗೂ ಕೇಳುವ ಹಾಗೆ ಎಲ್ಲ ಹೇಳಿದೆ. ಜೀಪು, ಚುಕ್ಕಿ, ‘ಕ’, ಫಸಲಿ, ಗುಮಾಸ್ತ, ನಾನು ಬೈದದ್ದು. ಈ ಕಾಂತಾಬಾಯಿ ಕಳ್ಳಿ ಅಲ್ಲ, ಬಾಯಿ ಮುಚ್ಚಿಕೊಂಡು ಕೂತ ಕಳ್ಳ ನಾನು ಎಂದೆ. ಅವನು ಹೆದರಿ ಕುರ್ಚಿ ಬಿಟ್ಟು ಎದ್ದು, “ಅಜ್ಜಾರ, ಯಾರ್ ಏನಂದ್ರು, ನನಗೇನೂ ಗೊತ್ತಿಲ್ರಿ” ಎಂದ. ಮೂವತ್ತಮೂರು ವರ್ಷದ ಮೇಲೆ ಬೈಯಲು ಹೋದರೆ ಬೈಸಿಕೊಳ್ಳುವವರೇ ಉಳಿದಿಲ್ಲ. ನನಗೆ ಇನ್ನೂ ಸಿಟ್ಟು ಬಂತು. ದವಾಖಾನೆಯ ಹಾಳೆಯ ಮೇಲೆ ಬರೆ ಎಂದೆ. ಈ ನಾಡಿ ಗಡಿಯಾರ ಕಾಂತಾಬಾಯಿಯವರದು, ಡಾಕ್ಟರ್ ವಾಮನರಾವ್ ಕೊಟ್ಟದ್ದು ಎಂದು ಬರೆದು ಶಿಕ್ಕಾ ಹಾಕಿ ಕೊಟ್ಟ. ಒಳ್ಳೆಯ ಹುಡುಗ. ಕನ್ನಡ ನನಗಿಂತ ಕೆಟ್ಟದಾಗಿ ಬರೆಯುತ್ತಾನೆ.

ನಾನು ಗಡಿಯಾರವನ್ನು ಹತ್ತಿಯಿಂದ ಬಿಚ್ಚಿ ಅವರ ಅಂಗೈಯಲ್ಲಿ ಇಟ್ಟೆ. ಅವರು ಕಿವಿಗೆ ಹಿಡಿದು ಕೇಳಿದರು. ಕಣ್ಣೀರು ಹಾಕುತ್ತಾರೆ ಎಂದುಕೊಂಡು ನಾನು ಗೋಡೆಯ ಕಡೆ ತಿರುಗಿದೆ. “ಅಲ್ಲೆ ಬಾಕಿನ ಮ್ಯಾಲ ಕೂಡ್ರಿ” ಎಂದರು. ಕೂತೆ. “ಕೈ ಕೊಡ್ರಿ.” ಯಾಕೆ ಎಂದೆ. “ಕೊಡ್ರಿ ಅಂದ್ರ ಕೊಡ್ರಿ” ಎಂದರು. ನನಗೆ ಯಾರೂ ಹಾಗೆ ಹೇಳಿದವರಿಲ್ಲ. ಕೊಟ್ಟೆ.

ಗುಂಡಿ ಒತ್ತಿ, ತುಟಿ ಅಲ್ಲಾಡಿಸುತ್ತಾ ಮೂವತ್ತು ಎಣಿಸಿದರು. ನಿಲ್ಲಿಸಿ ಗಡಿಯಾರವನ್ನು ಅಕ್ಬರಿಯ ಮುಖಕ್ಕೆ ಹಿಡಿದರು. “ಮುಳ್ಳು ಕೆಂಪಿನ ಈಚೆಗ ನಿಂತದೋ, ಆಚೆಗ ಹೋಗ್ಯದೋ?” “ಈಚೆಗs ನಿಂತದವಾ, ಚುಕ್ಕಿ ಮುಟ್ಟೇ ಇಲ್ಲ” ಎಂದಳು ಅಕ್ಬರಿ. ನಿನ್ನ ತಾಯಿ ಎದ್ದು, ಗೋಡೆ ಹಿಡಿದುಕೊಂಡು, ಯಾರನ್ನೂ ದಾರಿ ಕೇಳದೆ ಡಾಕ್ಟರರ ಕೋಣೆಗೆ ಹೋದರು. ಸಾಲು ತಪ್ಪಿಸಿ ಒಳಗೆ ಹೋದರಂತೆ. “ನನ್ನ ಕಣ್ಣು ಆಮ್ಯಾಲ ನೋಡ್ರಿ, ಹೊರಗ ಒಬ್ಬ ಮುದುಕ ಕೂತಾನ, ಮೊದ್ಲ ಅವನ್ನ ನೋಡ್ರಿ” ಎಂದರಂತೆ. ಎರಡು ನಿಮಿಷದಲ್ಲಿ ಸ್ಟ್ರೆಚರ್ ಬಂತು. ನಾನು ಬೇಡ ಎಂದು ಕೂಗಿದೆ. ಯಾರೂ ಕೇಳಲಿಲ್ಲ.

ಹೃದಯ ತಾಳ ತಪ್ಪಿ ಓಡುತ್ತಿತ್ತಂತೆ, ಎಷ್ಟು ತಿಂಗಳಿಂದಲೋ. ಇನ್ನು ಎರಡು ವಾರ ಬಿಟ್ಟಿದ್ದರೆ ಎಂದು ಡಾಕ್ಟರು ಶುರು ಮಾಡಿದರು, ಸಾಕು ಎಂದೆ. ನನ್ನನ್ನು ಸಾಕ್ಷಿಗೆ ಕರೆಸಿದ್ದಾರೆ ಎಂದು ನಾನು ತಿಳಿದಿದ್ದೆ. ನನ್ನ ಕಾರ್ಡು ಕೇಳಿದ ದಿನವೇ ಅವರಿಗೆ ಗೊತ್ತಾಗಿತ್ತು. ದವಾಖಾನೆಗೆ ಹೋಗು ಎಂದು ಬರೆಸಿದ್ದರೆ ನಾನು ಹೋಗುತ್ತಿರಲಿಲ್ಲ, ಅದೂ ಗೊತ್ತಾಗಿತ್ತು. ಗೇಟು, ಸಾಕ್ಷಿ, ಜೋರು ಎಂದು ಹೇಳಿಸಿ ನನ್ನನ್ನು ಅಲ್ಲಿಯ ತನಕ ನಡೆಸಿಕೊಂಡು ಬಂದರು. ಇದನ್ನು ನಿನಗೂ ಹೇಳಲಿಲ್ಲ ನೋಡು.

ಮರುದಿನ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ವಾರ್ಡಿಗೆ ಬಂದಿದ್ದರು. ಕೈ ಹಿಡಿದು ಮತ್ತೆ ಎಣಿಸಿದರು. “ಚುಕ್ಕಿ ದಾಟ್ತು” ಎಂದು ಅಕ್ಬರಿ ಹೇಳಿದಳು. ನಾನು ಮಾತಾಡಬೇಕೆಂದು ಬಾಯಿ ತೆರೆದೆ. “ಸುಮ್ನ ಇರ್ರಿ, ಎಣಿಕಿ ತಪ್ಪತದ” ಎಂದರು.

ಗಡಿಯಾರವನ್ನು ಮೊಹಿನುದ್ದೀನನ ಕೈಯಲ್ಲಿ ಕಳಿಸುತ್ತಿದ್ದೇನೆ. ಗುಂಡಿ ಸ್ವಲ್ಪ ಬಿಗಿ ಇತ್ತೆಂದು ಅವರೇ ಕೊಟ್ಟಿದ್ದರು, ಮನೆಯಲ್ಲಿ ಕೂತು ಸರಿ ಮಾಡಿದೆ. ಹತ್ತಿಯಲ್ಲಿ ಸುತ್ತಿದ್ದೇನೆ, ನೋಡಿ ಕಲಿತುಕೋ. ನೀನು ಚಾಕು ಹಾಕಿದ ಗೀರನ್ನು ಉಜ್ಜಿ ತೆಗೆದಿದ್ದೇನೆ. ಚುಕ್ಕಿಯ ಬಣ್ಣ ಒಂದು ಅಂಚಿನಲ್ಲಿ ಎದ್ದಿತ್ತು, ಅದೇ ಸೈಕಲ್ ಅಂಗಡಿಯಿಂದ ಬಣ್ಣ ತಂದು ಮತ್ತೊಮ್ಮೆ ಹಚ್ಚಿದ್ದೇನೆ.

ರಿಪೇರಿ ಆದ ಮೇಲೆ ಗುರುತು ಹಾಕುವುದು ಪದ್ಧತಿ. ಹಳೆಯದರ ಕೆಳಗೆ ಹಾಕಿದ್ದೇನೆ. ಈ ಸಲ ಬರೀ ‘ಕ’ ಅಲ್ಲ, ಕಾಂತಾಬಾಯಿ ಎಂದು ಪೂರ್ತಿ, ಕನ್ನಡದಲ್ಲಿ. ವರ್ಷವನ್ನು ನಾಲ್ಕೂ ಅಂಕಿ ಬರೆದಿದ್ದೇನೆ, ನಿನ್ನಂಥ ಓದಿದವರಿಗೂ ತಿಳಿಯಲಿ ಎಂದು.

ಶಂಕರಲಿಂಗ